ಇಪ್ಪತ್ತೇಳನೇ ಧ್ವನಿ

ನನ್ನ ಗೈಡ್ ಪ್ರಭುದೇವ್ ಸರ್ ಹಳ್ಳಿ ಕಡೆ ಬರುವವರಲ್ಲ. ಧೂಳು ಕಂಪ್ಯೂಟರಿಗೂ ಆಗದು, ಅವರಿಗೂ ಆಗದು. ಹಾಗಾಗಿ ಇಬ್ಬರೂ ಲ್ಯಾಬಿನ ಎ.ಸಿ.ಯಲ್ಲೇ ಇರುತ್ತಾರೆ. ಆ ಬುಧವಾರ ಮಾತ್ರ ಅವರು ಧ್ವನಿಗಳ ಪಟ್ಟಿಯ ಮೇಲೆ ಬೆರಳಿಟ್ಟು, ನಾನು ಹಾಸ್ಟೆಲಿನಲ್ಲಿ ಎಲ್ಲರಿಗೂ ಮಾಡಿ ತೋರಿಸುವ ಅದೇ ಮೂಗಿನ ದನಿಯಲ್ಲಿ ಹೇಳಿದರು: "ಅಂಜಿನಮೂರ್ತಿ, ಈ ಇಪ್ಪತ್ತೇಳನೇ ಧ್ವನಿ ಇದೆಯಲ್ಲ, ಕೆಂಪಕ್ಕ, ಮಿಡಿಗೇಶಿ ಕಡೆಯವರು. ಇವರ ಮಾತನ್ನ ನಿನ್ನ ಪ್ರೋಗ್ರಾಂ ನೂರಕ್ಕೆ ತೊಂಬತ್ತೆಂಟರಷ್ಟು ಸರಿಯಾಗಿ ಬರ್ಕೊಂಡಿದೆ. ಶನಿವಾರ ಪೇಪರಿನ ಕೊನೇ ಪ್ರತಿ ಕಳಿಸೋ ಮುಂಚೆ ಇವರನ್ನ ಎದುರಿಗೇ ಮಾತಾಡಿಸಿ ವಿಡಿಯೋ ಮಾಡೋಣ. ನಾನೂ ಬರ್ತೀನಿ."

ಆದರೆ ಇಪ್ಪತ್ತೇಳನೇ ಧ್ವನಿ ಕೆಂಪಕ್ಕನದಲ್ಲ. ನನ್ನದು.

ನನ್ನ ಪಿಎಚ್.ಡಿ. ಕೆಲಸ ಇಷ್ಟೇ: ಕುರಿ ಕಾಯುವವರು ಫೋನಿಗೆ ಕುರಿಯ ಕಾಯಿಲೆ ಹೇಳಿದರೆ, ಅದು ಅವರ ಆಡುಮಾತನ್ನು ಬರೆದುಕೊಂಡು ಪಶುವೈದ್ಯರಿಗೆ ಕಳಿಸಬೇಕು. ಯಂತ್ರಕ್ಕೆ ಆ ಮಾತು ಕಲಿಸಲು ಅರವತ್ತು ಜನರ ಧ್ವನಿ ಬೇಕಿತ್ತು. ಪಾವಗಡದಲ್ಲಿ ತೆಲುಗು ಬೆರೆಸಿ ಮಾತಾಡುವವರು ಸಿಕ್ಕರು. ಶಿರಾ, ಕೊರಟಗೆರೆಯಲ್ಲೂ ಸಿಕ್ಕರು. ನಮ್ಮ ಮಧುಗಿರಿಯಲ್ಲೇ ಒಂಬತ್ತು ಜನ ಕಮ್ಮಿ ಬಿದ್ದರು. ನಮ್ಮವರು ತಾನೇ, ಯಾವಾಗ ಹೋದರೂ ಸಿಗುತ್ತಾರೆ ಎಂದು ಕೊನೆಗಿಟ್ಟುಕೊಂಡಿದ್ದೆ.

ಹೋದ ವರ್ಷ ಒಂದು ಭಾನುವಾರ ಮಧ್ಯಾಹ್ನ ರೂಮಿನಲ್ಲಿ ಕಂಬಳಿ ಹೊದ್ದು ಕೂತು, ಆ ಒಂಬತ್ತೂ ಜನ ನಾನೇ ಆದೆ. ಚಿಕ್ಕಂದಿನಿಂದ ಹಟ್ಟಿಯವರ ದನಿ ತೆಗೆದು ನಗಿಸಿದವನಿಗೆ ಅದೇನು ಮಹಾ? ದತ್ತಾಂಶ ಸಿಗದಿದ್ದರೆ ದತ್ತು ತಗೋಬೇಕು ಎಂದು ನನ್ನ ಜೋಕಿಗೆ ನಾನೇ ನಕ್ಕಿದ್ದೆ. ಒಪ್ಪಿಗೆ ಪತ್ರಗಳ ಮೇಲಿನ ಹೆಬ್ಬೆಟ್ಟೂ ನನ್ನವೇ. ಬಲಗೈಯ ಬೆರಳು ಐದು, ಎಡಗೈಯವು ನಾಲ್ಕು.

ಶುಕ್ರವಾರ ಬೆಳಗ್ಗೆ ಸರ್ ಕಾರಿನಲ್ಲಿ ನಮ್ಮ ಹಟ್ಟಿಗೆ ಬಂದೆವು. ನನ್ನಪ್ಪನ ಅಕ್ಕ ಕೆಂಪಕ್ಕ ಅಂಗಳದಲ್ಲಿ ಮರಿಗಳಿಗೆ ಸೊಪ್ಪು ಕಟ್ಟುತ್ತಿದ್ದಳು. ತಿರುಗಿ ನೋಡಿ ನಕ್ಕಳು. ಬಾಯಲ್ಲಿ ಒಂದೂ ಹಲ್ಲಿರಲಿಲ್ಲ.

"ಏನ್ಲಾ ಅಂಜಿನಿ, ದಾರಿ ತಪ್ಪಿ ಬಂದ್ಬುಟ್ಟಾ?"

ಸರ್ ಕೈಮುಗಿದರು. "ನಿಮ್ಮ ಧ್ವನಿಯಿಂದ ನಮಗೆ ಬಹಳ ಉಪಕಾರ ಆಯ್ತಮ್ಮ."

"ನನ್ ದನಿನಾ? ನಾನ್ಯಾವಾಗ—"

"ಫೋನಲ್ಲಿ ಮಾತಾಡಿದ್ದೆಯಲ್ಲ ಅತ್ತೆ," ಎಂದು ನಾನು ನಡುವೆ ಬಾಯಿ ಹಾಕಿದೆ.

ಅವಳು ನನ್ನ ಮುಖವನ್ನೊಮ್ಮೆ ನೋಡಿದಳು. ಆಮೇಲೆ ಸರ್ ಕಡೆ ತಿರುಗಿ, "ಹೂಂ ಸ್ವಾಮಿ, ಮಾತಾಡಿದ್ದೆ. ವಯಸ್ಸಾತು, ನೆಪ್ಪಿರಲ್ಲ ನೋಡ್ರಿ," ಎಂದಳು. ನನಗಾಗಿ ಅಷ್ಟು ಸಲೀಸಾಗಿ ಸುಳ್ಳು ಹೇಳಿಬಿಟ್ಟಳು.

ಫೋನು ಮುಂದಿಟ್ಟೆ. "ಎಲ್ಡು ದಿನದಿಂದ ಕುರಿ ಮೇವು ಮುಟ್ಟಿಲ್ಲ, ಸುಸ್ತಾಗವೆ," ಎಂದಳು. ಯಂತ್ರ ಬರೆದುಕೊಂಡಿತು: 'ಎಲ್ಲೂ ಜನದಿಂದ ಗುರಿ ಮೇಲೂ ಮುಟ್ಟಿಲ್ಲ ಹುಟ್ಟು ಆಗಲಿ.'

ಸರ್ ಹುಬ್ಬು ಗಂಟಿಕ್ಕಿದರು. "ಅದೇ ಮನುಷ್ಯರು, ಅದೇ ಧ್ವನಿ. ಇದು ಹೇಗೆ?"

"ಗಾಳಿ ಸರ್," ಎಂದೆ. ಬೇವಿನ ಮರದಲ್ಲಿ ಒಂದೆಲೆಯೂ ಅಲ್ಲಾಡುತ್ತಿರಲಿಲ್ಲ.

"ಇರಬಹುದು. ಬಿಡು, ಹಳೇ ರೆಕಾರ್ಡಿಂಗೇ ಸಾಕು," ಎಂದ ಅವರು, ಯಾವುದೋ ಕರೆ ಬಂದಿದ್ದರಿಂದ ಕಾರಿನ ಕಡೆ ನಡೆದರು.

ಅಲ್ಲಿಗೆ ನಾನು ಪಾರಾಗಿದ್ದೆ. ಆದರೆ ಕೆಂಪಕ್ಕ ನನ್ನ ತೋಳು ಹಿಡಿದು ಕೂರಿಸಿದಳು. "ಇನ್ನೊಂದ್ಸಲ ಒತ್ತು. ನನ್ನಿಂದ ನಿನ್ ಓದು ಕೆಡ್ಬಾರ್ದು." ಎರಡೂ ಕೈಯಿಂದ ಕೆನ್ನೆ ಒತ್ತಿ ಹಿಡಿದು, ಒಂದೊಂದೇ ಮಾತನ್ನು ಬಿಡಿಸಿ ಬಿಡಿಸಿ ಹೇಳಿದಳು. ಯಂತ್ರ ತಪ್ಪು ಬರೆಯಿತು. ಮತ್ತೆ ಹೇಳಿದಳು. ಐದಾರು ಸಲವಾದ ಮೇಲೆ ಸೆರಗಿನಿಂದ ಬಾಯಿ ಒರೆಸಿಕೊಂಡು, "ನಿನ್ ಮಿಷನ್ನು ಸರ್ಯಾಗೈತೆ ಕಣ್ಲಾ. ನಾನೇ ಕೆಟ್ಟಿವ್ನಿ," ಎಂದಳು.

ಅದನ್ನು ಕೇಳಿಸಿಕೊಂಡು ಸುಮ್ಮನಿರಲು ಆಗಲಿಲ್ಲ.

"ಅತ್ತೆ, ಇದ್ರೊಳಗೆ ಇರೋದು ನೀನಲ್ಲ. ನಿನ್ ಥರ ನಾನೇ ಮಾತಾಡಿದ್ದು."

"ಎಲ್ಲಿ, ಕೇಳ್ಸು."

ಕೇಳಿಸಿದೆ. ಕತ್ತು ಓರೆ ಮಾಡಿ ಪೂರ್ತಿ ಕೇಳಿದಳು. ಬಯ್ಯುತ್ತಾಳೆ, ಇಲ್ಲವೇ ನಗುತ್ತಾಳೆ ಅಂದುಕೊಂಡೆ.

"ಇವ್ಳು ಹಲ್ಲಿದ್ದೋಳು ಕಣ್ಲಾ," ಎಂದಳು. "ನನ್ ಹಲ್ಲು ಹೋಗಿ ನಾಕು ವರ್ಸ ಆತು."

ನಾನು ಪಿಎಚ್.ಡಿ.ಗೆ ಸೇರಿ ಐದು ವರ್ಷ. ಈ ಅಂಗಳಕ್ಕೆ ಕಾಲಿಡದೆಯೂ ಅಷ್ಟೇ ಆಗಿತ್ತು.

"ಇನ್ನೂ ಯಾರ್ಯಾರ್ನ ಮಾಡಿದ್ದೀಯ?"

ಹೆಸರು ಹೇಳುತ್ತಾ ಹೋದೆ. ಬಡವನಹಳ್ಳಿಯ ಕುರಿ ವ್ಯಾಪಾರದ ಗಂಗಹನುಮಯ್ಯ ತಾತನ ಹೆಸರು ಬಂದಾಗ ಅವಳು ಕೈಯೆತ್ತಿ ನಿಲ್ಲಿಸಿದಳು.

"ಅಯ್ಯೋ ಪಾಪಿ. ಅವ್ನು ಹೋಗಿ ಎಲ್ಡು ವರ್ಸ. ತಿಥಿಗೂ ಬರ್ಲಿಲ್ಲ ನೀನು. ಅವ್ನ ಕೈಲೂ ಮಾತಾಡ್ಸಿದ್ದೀಯಾ?"

ಮಾತಷ್ಟೇ ಅಲ್ಲ, ಹೆಬ್ಬೆಟ್ಟನ್ನೂ ಒತ್ತಿಸಿದ್ದೆ. ಹೋದ ವರ್ಷ.

ಎದ್ದು ಕಾರಿನ ಹತ್ತಿರ ಹೋಗಿ ಸರ್ ಮುಂದೆ ನಿಂತು ಎಲ್ಲ ಹೇಳಿದೆ. ಸರ್ ಕನ್ನಡಕ ತೆಗೆದು ಒರೆಸಿದರು. ಒರೆಸಿದ್ದನ್ನೇ ಮತ್ತೆ ಒರೆಸಿದರು.

"ಎಷ್ಟು?"

"ಒಂಬತ್ತು ಸರ್."

"ಆ ಪೇಪರಲ್ಲಿ ನನ್ನ ಹೆಸರೂ ಇದೆಯಲ್ಲೋ," ಎಂದರು. ಮೂಗಿನ ದನಿ ಎಲ್ಲಿ ಹೋಯಿತೋ, ಬರೀ ಸುಸ್ತಾದ ದನಿ ಅದು. ಲ್ಯಾಪ್‌ಟಾಪ್ ತೆಗೆದು ನನ್ನ ಕೈಗಿಟ್ಟರು. "ಪೇಪರ್ ವಾಪಸ್ ತಗೋತೀವಿ ಅಂತ ನೀನೇ ಬರಿ. ಯಾಕೆ ಅಂತಾನೂ ಬರಿ. ಥೀಸಿಸ್ ವಿಚಾರ ಸೋಮವಾರ ನೋಡೋಣ. ಇರುತ್ತೋ ಇಲ್ವೋ ನಂಗೊತ್ತಿಲ್ಲ."

ಜಗಲಿಯ ಮೇಲೆ ಕೂತು ಬರೆಯತೊಡಗಿದೆ. ಕೆಂಪಕ್ಕ ಸರ್‌ಗೆ ಮಜ್ಜಿಗೆ ಕೊಟ್ಟು ಬಂದು ಪಕ್ಕದಲ್ಲಿ ಕೂತಳು.

"ಏನ್ ಬರೀತಿದೀಯಾ?"

"ಈ ಒಂಬತ್ತು ಜನ ಮಾತಾಡಿಲ್ಲ, ಇವ್ರ ಹೆಸ್ರಲ್ಲಿ ನಾನು ಸುಳ್ಳು ಹೇಳ್ದೆ ಅಂತ."

"ಯಾರ್ ಹೆಸ್ರು ಮೊದ್ಲು ಬರ್ದೆ?"

"ನಿಂದು."

"ಅಂಗ್ ಬರೀಬಾರ್ದು," ಎಂದು ಪರದೆಯ ಮೇಲೆ ಬೆರಳಿಟ್ಟಳು. "ಗಂಗಹನುಮಯ್ಯಂದು ಮೊದ್ಲು ಬರಿ. ಅವ್ನು ನಂಗಿಂತ ಹಿರೀಕ."

ಅವಳ ಹೆಸರನ್ನು ಅಳಿಸಿದೆ. ಮೊದಲ ಸಾಲಿನಲ್ಲಿ ತಾತನ ಹೆಸರು ಬರೆದು, ಪಕ್ಕದಲ್ಲಿ, ನಾನು ರೆಕಾರ್ಡ್ ಮಾಡುವ ಹೊತ್ತಿಗೆ ಇವರು ಬದುಕಿರಲಿಲ್ಲ ಎಂದು ಸೇರಿಸಿದೆ.