ಮೂರನೇ ಟ್ಯಾಂಕಿನ ಚಾವಿ

ರೆಡಿ — ಪರದೆಯ ಮೇಲೆ ಹಸಿರು ಅಕ್ಷರ, ಮೂರನೇ ಟ್ಯಾಂಕು ರೆಡಿ, ಅದು ಹೇಗೆ ರೆಡಿ, ಈಗಷ್ಟೇ ಅಲ್ಲಿ ಬಂದ್ ಎಂದಿತ್ತು, ಒಳಗೆ ಆಳಿದ್ದಾನೆ ಎಂದಿತ್ತು, ಕಂಪ್ಯೂಟರಿಗೆ ಕೂತ ಮನ್ಸೂರನೇ ಕಣ್ಣಾರೆ ನೋಡಿದ್ದ, ಒಳಗಿರುವ ಆಳು ಅವನ ಅಬ್ಬಾ ಕಾಶೀಮ, ಬಿದಿರು ಬೇಯಿಸುವ ಆ ಕಬ್ಬಿಣದ ಹೊಟ್ಟೆಯಲ್ಲಿ ಕೂತು ಗೋಡೆ ಕೆರೆಯುತ್ತಿದ್ದಾನೆ, ರೆಡಿ ಎಂದರೆ ಉಗಿ ಬಿಡಬಹುದು — ಕೆಳಗೆ ಉಗಿ ಬಿಡುವವರಿಗೆ ಫೋನು ತಿರುಗಿಸಿದ, ಎಂಗೇಜು, ಮತ್ತೆ ಎಂಗೇಜು, ಕೋಗಿಲಬನದಾಚೆಯ ಈ ರಟ್ಟಿನ ಗಿರಣಿಗೆ ಬೊಂಬಾಯಿಯ ಸೇಠರು ಇಷ್ಟು ದೊಡ್ಡ ಕಂಪ್ಯೂಟರು ತಂದಿಟ್ಟರು, ಒಂದು ಫೋನು ನೆಟ್ಟಗೆ ಮಾಡಿಸಲಿಲ್ಲ, ಇರುವುದೊಂದೇ ಯಂತ್ರ, ಅದರೊಳಗೆ ಎರಡು ಹುಸಿ ಯಂತ್ರ, ದುರಸ್ತಿಯವರಿಗೊಂದು, ಪ್ರೊಡಕ್ಷನ್ನಿನವರಿಗೊಂದು, ಎರಡಕ್ಕೂ ತಾನೇ ಯಜಮಾನ ಎಂಬ ಭ್ರಮೆ, ಎರಡಕ್ಕೂ ಒಂದೇ ಡಿಸ್ಕು, ಎರಡಕ್ಕೂ ಬರೆಯುವ ಹಕ್ಕು — ಪ್ರೊಡಕ್ಷನ್ನಿನದು ಬೆಳಗ್ಗೆಯೇ ಎಲ್ಲ ಟ್ಯಾಂಕುಗಳ ಸ್ಥಿತಿ ಓದಿಟ್ಟುಕೊಂಡಿತ್ತು, ಆಮೇಲೆ ದುರಸ್ತಿಯವರು ಮೂರನೆಯದು ಬಂದ್ ಎಂದು ಬರೆದರು, ಈಗ ಪ್ರೊಡಕ್ಷನ್ನಿನವರು ಐದನೆಯದನ್ನಷ್ಟೇ ತಿದ್ದಿ ತಮ್ಮ ಬೆಳಗಿನ ಹಳಸಲು ಪಟ್ಟಿಯನ್ನು ಇಡಿಯಾಗಿ ಅದರ ಮೇಲೆ ಬರೆದರು, ಅಬ್ಬಾ ಅಳಿಸಿಹೋದ.

ತಾನು ಹೇಳಿರಲಿಲ್ಲವೇ, ಬರಿಯಾಂವ ಒಬ್ಬನ ಇರ್ಲಿ ಸಾಹೇಬರ, ಉಳಿದಾವರು ಬರೇ ಓದ್ಲಿ, ಬರೀಬೇಕಂದ್ರ ಪಾಳಿ ಹಚ್ಲಿ, ಮ್ಯಾನೇಜರು ನಾಗಲಿಂಗಪ್ಪ ಸಾಹೇಬರು ನಕ್ಕಿದ್ದರು, ಗೊತ್ತೈತಿ ತಮ್ಮಾ, ಆ ಕಂಪ್ಯೂಟರ್ ಪುಸ್ತಕ ನಾನೂ ಓದೇನಿ, ಪ್ರೊಡಕ್ಷನ್ ಪಾಳಿ ಕಾಯೂದಿಲ್ಲ, ಎರಡಕ್ಕೂ ಬಿಡು — ಗೊತ್ತಿತ್ತು, ಗೊತ್ತಿದ್ದೇ ಬಿಟ್ಟರು, ಮೊದಲು ಟ್ಯಾಂಕಿಗೆ ಇಳಿಯುವವನು ಉಗಿಯ ವಾಲ್ವಿಗೆ ಸರಪಳಿ ಬಿಗಿದು, ಕೀಲಿ ಹಾಕಿ, ಚಾವಿಯನ್ನು ಕೊರಳಿಗೆ ಕಟ್ಟಿಕೊಂಡೇ ಇಳಿಯುತ್ತಿದ್ದ, ಒಂದು ವಾಲ್ವಿಗೆ ಒಂದೇ ಚಾವಿ, ಅದು ಒಳಗಿದ್ದವನ ಎದೆಯ ಮೇಲೆ, ಈಗ ಕಂಪ್ಯೂಟರ್ ಐತಲ್ಲ ಎಂದು ಚಾವಿಗಳನ್ನೆಲ್ಲ ಗುಜರಿಗೆ ಹಾಕಿದರು, ಮೂರನೆಯದನ್ನು ಮಾತ್ರ ಕೀಲಿ ಸರಪಳಿ ಸಮೇತ ಗಾಜಿನ ಪೆಟ್ಟಿಗೆಯಲ್ಲಿಟ್ಟರು, ಬಂದವರಿಗೆ ತೋರಿಸಲು, ಹಿಂದಕ್ಕ ಹಿಂಗಿತ್ತು ನೋಡ್ರಿ — ಇಳಿಸುವುದಾದರೂ ಯಾರನ್ನು, ಅಬ್ಬಾನಂಥ ಸಿದ್ದಿಗಳನ್ನು, ಕರಿ ತೊಗಲಿನವರನ್ನು, ಅವರಿಗೆ ಸೆಕಿ ಹತ್ತೂದಿಲ್ರೀ ಅಂತೆ, ಉಗಿ ಸುಡದ ತೊಗಲು ಯಾವುದಿದೆ ಹೇಳಿ, ಯಾವುದಿದೆ —

ಓಡುತ್ತಿದ್ದಾನೆ, ಯಾವಾಗ ಎದ್ದನೋ, ಸಾಹೇಬರು ಅಡ್ಡ ಬಂದರು, ಎಲ್ಲಿಗೋ ಮನ್ಸೂರ, ಮೂರನೇದು ರೆಡಿ ಅಂತ ಬಂದೈತಲ್ಲ, ಪೆಟ್ಟಿಗೆಯ ಗಾಜು, ಮೊಣಕೈ, ಚಳ್ ಎಂದಿತು, ಕೀಲಿ ಸರಪಳಿ ಚಾವಿ ಎಲ್ಲ ಮುಷ್ಟಿಯಲ್ಲಿ, ರಕ್ತವೂ, ಟ್ಯಾಂಕಿನ ಬಾಯಿ ಮೇಲಿನ ಅಟ್ಟದಲ್ಲಿ, ವಾಲ್ವು ಕೆಳಗೆ, ಕೆಳಗಿನವನಿಗೆ ಮೇಲಿನವನು ಕಾಣುವುದಿಲ್ಲ, ಉಗಿ ಬಿಡುವ ಶಂಕ್ರಪ್ಪ ಆಗಲೇ ವಾಲ್ವಿನ ಚಕ್ರಕ್ಕೆ ಕೈ ಹಾಕಿದ್ದಾನೆ, ಬಿಡೋ ಶಂಕ್ರಪ್ಪಾ, ಬಿಡು, ಯಾಕಲೇ, ಸ್ಕ್ರೀನ್ ನೋಡೇ ಬಂದೇನಿ, ಒಳಗ ನಮ್ಮ ಅಬ್ಬಾ ಅದಾನೋ — ಶಂಕ್ರಪ್ಪನ ಕೈ ಬಿಸಿ ತಾಗಿದಂತೆ ಹಿಂದೆ ಸರಿಯಿತು, ಸರಪಳಿ, ಕೀಲಿ, ಟಕ್, ಮುಷ್ಟಿಯಿಂದ ಟ್ಯಾಂಕು ಗುದ್ದಿದ, ಮತ್ತೆ ಗುದ್ದಿದ, ಒಳಗಿನಿಂದ ಎಲ್ಲೋ ಬಾವಿಯಾಳದ ದನಿ, ಯಾರೋ ಅಂವಾ, ಚಾ ತಂದೀಯೇನು?

ಮನ್ಸೂರ ಅಟ್ಟಕ್ಕೆ ಓಡಿದ, ಅಬ್ಬಾ ಟ್ಯಾಂಕಿನ ಬಾಯಿಂದ ಮೇಲೆ ಬಂದ, ಮೈಯೆಲ್ಲ ಬೆವರು, ಏನಾತೋ, ಮಾರಿ ಯಾಕ ಹಂಗ ಮಾಡೀ, ಮನ್ಸೂರ ಚಾವಿಯ ದಾರವನ್ನು ಅವನ ಕೊರಳಿಗೆ ಹಾಕಿದ, ಸಾಹೇಬರು ಏದುಸಿರು ಬಿಡುತ್ತ ಅಟ್ಟ ಹತ್ತಿದರು, ಉಳಕೊಂಡನಲ್ಲಪಾ, ಮುಗೀತಲ್ಲ, ಚಾವಿ ಇಲ್ಲಿ ಕೊಡು, ಪ್ರೊಡಕ್ಷನ್ ನಿಂತೈತಿ — ಮುಗಿಯಿತೇ, ಅಲ್ಲಿ ಡಿಸ್ಕು ತಿರುಗುತ್ತಲೇ ಇದೆ, ಇಬ್ಬರೂ ಬರೆಯುತ್ತಲೇ ಇದ್ದಾರೆ, ನಾಳೆ ನಾಲ್ಕನೆಯದಕ್ಕೆ ಇಳಿಯುವವನು ಇನ್ನೊಬ್ಬ ಸಿದ್ದಿ, ಬಾಬಾಜಿ, ನಾಲ್ಕನೆಯದಕ್ಕೆ ಚಾವಿಯೇ ಇಲ್ಲ, ಸಾಹೇಬರ ಅಂಗೈ ಚಾಚಿಯೇ ಇದೆ, ಅಬ್ಬಾನ ಎದೆ ಏರುತ್ತಿದೆ, ಇಳಿಯುತ್ತಿದೆ, ಅದರ ಮೇಲೆ ಚಾವಿ, ಏರುವ ಚಾವಿ, ಇಳಿಯುವ ಚಾವಿ, ಚಾವಿ —