ಒಲೆ ಹಚ್ಚದ ಊಟ

ಕಳೆದ ಚೈತ್ರದಲ್ಲಿ ಕುಶಲಾ ಉಪ್ಪು ಹಾಕಿದ ಕೋಸಂಬರಿಯನ್ನು ವಾಗ್ದೇವಿ ಅಮ್ಮ ತೆಂಗಿನ ಬುಡಕ್ಕೆ ಸುರಿದಿದ್ದರು. ಪಾತ್ರೆ ತೊಳೆದವಳೂ ಕುಶಲಾಳೇ.

"ಕುಶಲಕ್ಕ, ಈ ಸೌತೆ ನೋಡಿ," ಎಂದು ಉಮೈರಾ ಎಳೆ ಮುಳ್ಳುಸೌತೆಯೊಂದನ್ನು ಕೆನ್ನೆಗೆ ಒತ್ತಿಕೊಂಡಳು. "ಎಷ್ಟು ತಂಪು! ನನ್ನ ಹಸೀಬ್ ಒಂದು ದಿನವಾದರೂ ಇಷ್ಟು ತಣ್ಣಗೆ ಮಾತಾಡಿದ್ದಿದ್ದರೆ ನಾನು ಯಾವಾಗಲೋ ದಪ್ಪ ಆಗ್ತಿದ್ದೆ."

"ಅದನ್ನು ಕೆನ್ನೆಗೆ ಉಜ್ಜಬೇಡ ಮಾರಾಯ್ತಿ. ಮಧ್ಯಾಹ್ನಕ್ಕೆ ಜನ ತಿನ್ನಲಿಕ್ಕುಂಟು."

"ತಿನ್ನಲಿ. ಕಾಪುವಿನ ಪೌಡರಿನ ರುಚಿಯೂ ಒಮ್ಮೆ ಗೊತ್ತಾಗಲಿ ಮಣಿಪಾಲದವರಿಗೆ."

ಇಬ್ಬರೂ ಅಂಗಳದಲ್ಲಿ ಹಾಸಿದ ಚಾಪೆಯ ಮೇಲೆ ಕಾಲಲ್ಲಿ ಮೆಟ್ಟಿ ಹೆಚ್ಚುವ ಮೆಟ್ಟುಕತ್ತಿಗಳ ಮುಂದೆ ಎದುರುಬದುರಾಗಿ ಕೂತಿದ್ದರು. ಭಾನುವಾರ. ಬೆಳಗಿನ ಸೆಕೆ ಆಗಲೇ ರವಿಕೆಯ ಬೆನ್ನನ್ನು ಒದ್ದೆ ಮಾಡಿತ್ತು. ಗುಡ್ಡದ ಇಳಿಜಾರಿನ ಆ ಜಾಗವೆಲ್ಲ ಒಂದು ಕಾಲಕ್ಕೆ ವಾಗ್ದೇವಿ ಅಮ್ಮನ ಗಂಡನ ಮನೆಯವರ ಗೇರುಹಾಡಿ. ಈಗ ಅದು ಸೈಟುಗಳಾಗಿ, ಸೈಟುಗಳು ಮನೆಗಳಾಗಿ, ಡಾಕ್ಟರುಗಳೂ ಪ್ರೊಫೆಸರುಗಳೂ ಬಂದು ತುಂಬಿಕೊಂಡಿದ್ದರು. ಗೇರುಮರಗಳಲ್ಲಿ ಉಳಿದದ್ದು ಅಂಗಳದ ಮೂಲೆಯ ಒಂದು. ವರ್ಷಕ್ಕೊಮ್ಮೆ ಚೈತ್ರದಲ್ಲಿ ಬಡಾವಣೆಯವರೆಲ್ಲ ಈ ಅಂಗಳದಲ್ಲಿ ಒಟ್ಟಿಗೆ ಉಣ್ಣುತ್ತಾರೆ. ಈ ಸಲದ ಊಟಕ್ಕೆ ಬಡಾವಣೆಯ ಸಂಘದ ಕಾರ್ಯದರ್ಶಿ, ಅಮ್ಮನ ಮೈದುನ ಶ್ರೀಪತಿ ರಾಯರು, ಮೊಬೈಲಿನಲ್ಲಿ ಎಲ್ಲರಿಗೂ ಹೀಗೆ ಬರೆದು ಕಳಿಸಿದ್ದರು: 'ಒಲೆ ಹಚ್ಚದ ಊಟ. ಹಸಿ ತರಕಾರಿ, ಹಣ್ಣು, ಮೊಳಕೆ ಕಾಳು. ದೇಹಕ್ಕೆ ತಂಪು, ಮನಸ್ಸಿಗೆ ಹಗುರ.'

ರಾಯರು ಅದರಲ್ಲಿ ಬರೆಯದೆ ಬಿಟ್ಟ ಒಂದು ಅನುಕೂಲವೂ ಇತ್ತು. ಒಲೆ ಹಚ್ಚದಿದ್ದರೆ ಅದು ಅಡುಗೆಯಲ್ಲ. ಅಡುಗೆಯಲ್ಲದಿದ್ದರೆ ಯಾರ ಕೈಯಲ್ಲೂ ಮಾಡಿಸಬಹುದು.

ಕುಶಲಾ ಪರ್ಕಳದ ಕಾಲನಿಯವಳು. ವಾಗ್ದೇವಿ ಅಮ್ಮನ ಮನೆಯ ಅಂಗಳ ಗುಡಿಸಿ, ಬಟ್ಟೆ ಒಗೆದು, ಹಿಂದಿನ ಜಗಲಿಯಲ್ಲಿ ಚಾ ಕುಡಿದು ಹೋಗುವವಳು. ಉಮೈರಾ ಅವಳಿಗೆ ಗೇರುಬೀಜದ ಕಾರ್ಖಾನೆಯ ಕಾಲದ ಗೆಳತಿ. ಒಂದೇ ಬೆಂಚಿನಲ್ಲಿ ಕೂತು ಸಿಪ್ಪೆ ಸುಲಿದವರು. ಈಗ ಉಮೈರಾ ಗಂಡ ಹಸೀಬನೊಟ್ಟಿಗೆ ಕಾಪು ಬೀಚಿನಲ್ಲಿ ಹಣ್ಣು ಕತ್ತರಿಸಿ ಮಾರುತ್ತಾಳೆ. ಇಷ್ಟು ಜನಕ್ಕೆ ಕತ್ತರಿಸುವ ಕೆಲಸ ಎಂದಾಗ ಕುಶಲಾ ಮೊದಲು ಕರೆದದ್ದು ಅವಳನ್ನು.

ಚಾಪೆಯ ಸುತ್ತ ಒಂದು ಸಣ್ಣ ಸಂತೆಯೇ ನೆರೆದಿತ್ತು. ಅಜೆಕಾರಿನಿಂದ ಬಂದ ಬಾಳೆದಿಂಡು. ಅದನ್ನು ತೆಳ್ಳಗೆ ಬಿಲ್ಲೆ ಮಾಡಿ, ಪ್ರತಿ ಬಿಲ್ಲೆಯ ನಾರನ್ನು ಬೆರಳಿಗೆ ಸುತ್ತಿ ತೆಗೆದು, ಕಪ್ಪಾಗದ ಹಾಗೆ ಮಜ್ಜಿಗೆ ನೀರಿಗೆ ಹಾಕಬೇಕು. ಕುಶಲಾಳ ತೋರುಬೆರಳಿಗೆ ಬಿಳಿ ದಾರದ ಉಂಗುರ ಬೆಳೆಯುತ್ತಲೇ ಇತ್ತು. ಇನ್ನೊಂದು ಕಡೆ ನೆನೆದು ಉಬ್ಬಿದ ಹೆಸರುಬೇಳೆ, ಮೂಗು ಚುರ್ರೆನ್ನಿಸುವ ತೋತಾಪುರಿಯ ತುರಿ, ಮೊಳಕೆ ಬಂದ ಹೆಸರುಕಾಳು, ತುರಿದ ಕ್ಯಾರೆಟ್ಟು, ಕೆಂಪಗೆ ಕೊರೆದಿಟ್ಟ ಕಲ್ಲಂಗಡಿ. ಕೊತ್ತಂಬರಿ ಸೊಪ್ಪನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಮಗುವಿನಂತೆ ಮಲಗಿಸಿದ್ದರು. ತೆಂಗಿನಕಾಯಿ ತುರಿಯುವಾಗ ಉಮೈರಾ ಪ್ರತಿ ಹೋಳಿಗೂ ಒಂದು ಹಿಡಿ ಬಾಯಿಗೆ ಹಾಕಿಕೊಂಡಳು.

"ನೀನು ಹೀಗೆ ತಿಂದರೆ ಅವರಿಗೆ ಕರಟ ಬಡಿಸಬೇಕಾದೀತು."

"ಬಡಿಸುವ. ನಾರು ಉಂಟು, ಆರೋಗ್ಯಕ್ಕೆ ಒಳ್ಳೆಯದು ಅಂತ ರಾಯರು ಮೊಬೈಲಿನಲ್ಲಿ ಬರೀತಾರೆ."

ಕುಶಲಾ ನಕ್ಕು ನಕ್ಕು ಮೆಟ್ಟುಕತ್ತಿಯಿಂದ ಕಾಲು ತೆಗೆದಳು. ನಗು ಇಳಿದ ಮೇಲೆ ಉಮೈರಾ ಮೆಲ್ಲಗೆ ಕೇಳಿದಳು: "ಉಪ್ಪು?"

"ಅಮ್ಮ ಹಾಕ್ತಾರಂತೆ."

ಬೆಳಿಗ್ಗೆ ಬಂದ ಕೂಡಲೇ ವಾಗ್ದೇವಿ ಅಮ್ಮ, ಬಡಿಸುವ ಮೇಜಿನ ಮೂಲೆಯಲ್ಲಿ ಉಪ್ಪಿನ ಭರಣಿ ತಂದಿಡುತ್ತಾ, ಕುಶಲಾಳನ್ನು ಕರೆದು ಹೇಳಿದ್ದರು. ಪ್ರೀತಿಯಿಂದಲೇ ಹೇಳಿದ್ದರು. "ಬೇಸರ ಮಾಡಬಾರದು ಕುಶಲಾ. ಹಸಿಯದ್ದಕ್ಕೆ ಎಂತದೂ ಇಲ್ಲ. ಉಪ್ಪು ಬಿದ್ದರೆ ಮಾತ್ರ ಅದು ಅಡುಗೆ ಆಯಿತು. ಬಡಿಸುವ ಹೊತ್ತಿಗೆ ಉಪ್ಪು ನಾನು ಹಾಕ್ತೇನೆ. ಕಳೆದ ಸಲದ ಹಾಗೆ ಆಗುವುದು ಬೇಡ."

ಕಳೆದ ಸಲ ಆದದ್ದು ಇಷ್ಟು. ಮೇಲಿನ ಸಾಲಿನ ಮನೆಯ ದೊಡ್ಡಮ್ಮ ಚಮಚ ಬಾಯಿಯ ಹತ್ತಿರ ತಂದು, "ಇದಕ್ಕೆ ಉಪ್ಪು ಯಾರ ಕೈದು?" ಎಂದು ಕೇಳಿದರು. ಕುಶಲಾ, ತನ್ನ ಕೈರುಚಿಯನ್ನು ಮೆಚ್ಚಿ ಕೇಳಿದರೆಂದು ತಿಳಿದು, "ನನ್ನದು ಅಮ್ಮ," ಎಂದು ಮುಂದೆ ಬಂದಿದ್ದಳು.

"ನನಗೆ ಒಂದೇ ಆಸೆ ಉಮೈರಾ," ಎಂದಳು ಕುಶಲಾ ಈಗ, ನಾರಿನ ಉಂಗುರವನ್ನು ಬೆರಳಿನಿಂದ ಜಾರಿಸುತ್ತಾ. "ಈ ಅಂಗಳದಲ್ಲಿ, ಇದೇ ಜನರ ಎದುರು, ಒಂದು ಸಲ ನಾನೇ ಉಪ್ಪು ಹಾಕಬೇಕು. ಇಷ್ಟೆಲ್ಲ ಮಾಡಿ ಕಡೆಗೆ ಬೇರೆಯವರು ಉಪ್ಪು ಹಾಕಿದರೆ, ನಾನು ಮಾಡಿದ್ದು ಅಂತ ಹೇಗೆ ಹೇಳುವುದು?"

"ಹಾಗಾದರೆ ಬಂದದ್ದು ಯಾಕೆ?"

"ಮಾಡಲಿಕ್ಕೆ ಖುಷಿ ಆಗ್ತದೆ ಮಾರಾಯ್ತಿ. ಅದಕ್ಕೆ ಎಂತ ಮಾಡುವುದು?"

ಉಮೈರಾ ಎದ್ದು ಹೋಗಿ ಗೇರುಮರದಿಂದ ನಾಲ್ಕು ಹಳದಿ ಹಣ್ಣು ಕೊಯ್ದು ತಂದಳು. ಬಿಲ್ಲೆ ಮಾಡಿ ಬಾಳೆಲೆಯ ತುಂಡಿನ ಮೇಲೆ ಹರಡಿ, ಗಂಟಲು ಕೆರೆಯದ ಹಾಗೆ ಉಪ್ಪು ಉದುರಿಸಿ, ಮೇಲೆ ಮೆಣಸಿನ ಪುಡಿ ಚಿಮುಕಿಸಿದಳು. "ಇದು ನಮ್ಮದು. ಇದಕ್ಕೆ ಯಾರ ಅಪ್ಪಣೆಯೂ ಬೇಡ." ಇಬ್ಬರೂ ರಸ ಮೊಣಕೈಗೆ ಇಳಿಯುವಂತೆ ತಿನ್ನತೊಡಗಿದರು.

ಆಗ ಮನೆಯೊಳಗಿನಿಂದ ಕೂಗು ಕೇಳಿಸಿತು. ವಾಗ್ದೇವಿ ಅಮ್ಮ ಫೋನು ಹಿಡಿದುಕೊಂಡೇ ಹೊರಗೆ ಓಡಿಬಂದರು. ಆ ವಯಸ್ಸಿನವರು ಹಾಗೆ ಓಡಿದ್ದನ್ನು ಕುಶಲಾ ನೋಡಿರಲಿಲ್ಲ.

"ಹೆಣ್ಣು! ಕುಶಲಾ, ಹೆಣ್ಣು ಮಗು! ಕಾರ್ಕಳದ ಆಸ್ಪತ್ರೆಯಲ್ಲಿ, ಈಗ, ಈಗಷ್ಟೆ! ಇನ್ನೊಬ್ಬ ಮೈದುನ ಇದ್ದಾನಲ್ಲ, ಅವನ ಮಗನಿಗೆ. ಹನ್ನೊಂದು ವರ್ಷ ಕಾದದ್ದು ಮಾರಾಯ್ತಿ!"

ಕುಶಲಾ ಎದ್ದು ನಿಂತಳು. ಉಮೈರಾ ತೆಂಗಿನ ತುರಿಯ ಕೈಯಲ್ಲೇ ಚಪ್ಪಾಳೆ ತಟ್ಟಿದಳು. ಅಂಗಳದ ತುಂಬ ಬಿಳಿ ಹಾರಿತು. ಅಮ್ಮ ಫೋನನ್ನು ಮುಂದೆ ಹಿಡಿದು ಕೆಂಪು ಮುಖದ, ಮುಷ್ಟಿ ಕಟ್ಟಿದ ಮಗುವಿನ ಫೋಟೋ ತೋರಿಸಿದರು.

"ಸಿಟ್ಟು ನೋಡಿ ಇದರದ್ದು," ಎಂದಳು ಕುಶಲಾ. "ಮುಷ್ಟಿ ನೋಡಿದರೆ ಯಾರನ್ನೂ ಬಿಡುವುದಿಲ್ಲ."

"ಬಿಡಬಾರದು, ಬಿಡಬಾರದು," ಎಂದು ಅಮ್ಮ ಕಣ್ಣು ಒರೆಸಿಕೊಂಡು, ಚಾಪೆಯ ಅಂಚಿನ ಮಣೆಯ ಮೇಲೆ ಕುಸಿದು ಕೂತು, ಖುಷಿಯಲ್ಲಿ ಕೈಗೆ ಸಿಕ್ಕಿದ ಗೇರುಹಣ್ಣಿನ ಬಿಲ್ಲೆಯೊಂದನ್ನು ಬಾಯಿಗೆ ಹಾಕಿಕೊಂಡರು. ಇನ್ನೊಂದು ತೆಗೆದುಕೊಂಡರು. "ಎಷ್ಟು ಒಳ್ಳೆಯದುಂಟು ಈ ವರ್ಷದ ಹಣ್ಣು. ಗಂಟಲಿಗೆ ಹಿಡಿಯುವುದೇ ಇಲ್ಲ."

ಉಮೈರಾ ಕೆಮ್ಮಿದಳು. ಕೆಮ್ಮು ನಿಲ್ಲದೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಕುಶಲಾ ಕೊತ್ತಂಬರಿ ಸೊಪ್ಪನ್ನೇ ನೋಡುತ್ತಾ ಕೂತಳು. ಅಮ್ಮ ಮೂರನೆಯ ಬಿಲ್ಲೆಯನ್ನೂ ತಿಂದು ಮುಗಿಸಿದರು. ಆಮೇಲೆ ಇದ್ದಕ್ಕಿದ್ದಂತೆ ಬೆಂಕಿ ಮುಟ್ಟಿದವರ ಹಾಗೆ ಮಣೆಯಿಂದ ಎದ್ದರು. ಅವರಿಗೆ ಹೊಳೆದದ್ದು ಉಪ್ಪಲ್ಲ, ಬೇರೆಯೇ.

"ಅಯ್ಯೋ, ಅಮೆ!"

ಕುಲದಲ್ಲಿ ಮಗು ಹುಟ್ಟಿದರೆ ಆ ಕುಲದವರಿಗೆಲ್ಲ ಅಮೆ, ಹುಟ್ಟಿನ ಸೂತಕ. ಸುದ್ದಿ ಕಿವಿಗೆ ಬಿದ್ದ ಗಳಿಗೆಯಿಂದ ಹತ್ತು ದಿನ ಅವರು ಬೇರೆಯವರ ಅನ್ನ ನೀರಿಗೆ ಕೈ ತಾಗಿಸುವ ಹಾಗಿಲ್ಲ. ಅಮ್ಮ ಪಾತ್ರೆಗಳಿಂದ ದೂರ, ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಹೋಗಿ ನಿಂತುಕೊಂಡರು. ಅದು ಕುಶಲಾ ದಿನವೂ ನಿಲ್ಲುವ ಜಾಗ.

"ಅಮ್ಮ," ಎಂದಳು ಉಮೈರಾ, "ಹಾಗಾದರೆ ಹತ್ತು ದಿನ ನೀವೂ ನಮ್ಮ ಪಾರ್ಟಿ."

"ಬಾಯಿ ನೋಡು ಇವಳದ್ದು!" ಎಂದು ಅಮ್ಮ ಗದರಿದರು. ಆದರೆ ಮಗುವಿನ ಖುಷಿ ದೊಡ್ಡದಾಗಿತ್ತು, ನಕ್ಕುಬಿಟ್ಟರು. ಮೂವರೂ ನಕ್ಕರು. ನಗುವಿನ ನಡುವೆಯೇ ಅಮ್ಮ ಕೇಳಿದರು: "ಅಲ್ಲ, ಇನ್ನು ಉಪ್ಪು ಯಾರು ಹಾಕುವುದು?"

ಅದೇ ಪ್ರಶ್ನೆಯನ್ನು ಹಿಡಿದುಕೊಂಡು ಪಕ್ಕದ ಮನೆಯಿಂದ ಶ್ರೀಪತಿ ರಾಯರು ಬಂದರು. ಸುದ್ದಿ ಅವರಿಗೂ ಮುಟ್ಟಿತ್ತು, ಹಾಗಾಗಿ ಅಮೆಯೂ. ಪಂಚೆಯ ಮೇಲೆ ಮ್ಯಾರಥಾನಿನ ಬನಿಯನ್ನು ಹಾಕಿಕೊಂಡಿದ್ದ ಅವರು ಅಂಗಳದಲ್ಲಿ ಎರಡು ಸುತ್ತು ಹಾಕಿದರು. "ಉಪ್ಪನ್ನು ಹಾಗೆಯೇ ಮೇಜಿನ ಮೇಲೆ ಬಿಟ್ಟರೆ? ಅವರವರು ಹಾಕಿಕೊಳ್ಳಲಿ."

"ಬೇಳೆಗೆ ಹಿಡಿಯುವುದಿಲ್ಲ ರಾಯರೇ," ಎಂದಳು ಉಮೈರಾ. "ಆಸ್ಪತ್ರೆಯ ಊಟದ ಹಾಗೆ ಆಗ್ತದೆ."

"ಬಂದವರಲ್ಲಿ ಯಾರಿಗಾದರೂ ಹೇಳಿದರೆ?"

"ಊಟಕ್ಕೆ ಕರೆದವರ ಕೈಯಲ್ಲಿ ಕೆಲಸ ಮಾಡಿಸುವುದಾ?" ಎಂದರು ಅಮ್ಮ ದೂರದಿಂದ.

ರಾಯರು ಗಡಿಯಾರ ನೋಡಿಕೊಂಡರು. ಇಳಿಜಾರಿನ ಕೆಳಗಿನಿಂದ ಮಾತು ಕೇಳಿಬರುತ್ತಿತ್ತು. ಅವರು ಕುಶಲಾಳ ಹತ್ತಿರ ಬಂದು ಸ್ವರ ತಗ್ಗಿಸಿದರು.

"ನೋಡು, ಒಂದು ಕೆಲಸ ಮಾಡು. ಪಾತ್ರೆ ತೆಗೊಂಡು ಒಳಗೆ ಅಡುಗೆಮನೆಗೆ ಹೋಗು. ನೀನೇ ಉಪ್ಪು ಹಾಕಿ ಕಲಸಿ ತಾ. ಫೋನು ಬರುವ ಮೊದಲೇ ಅತ್ತಿಗೆ ಹಾಕಿ ಇಟ್ಟದ್ದು ಅಂತ ನಾನು ಹೇಳ್ತೇನೆ. ಯಾರಿಗೂ ಗೊತ್ತಾಗುವುದು ಬೇಡ. ನಿನಗೂ ಉಪ್ಪು ಹಾಕಿದ ಹಾಗಾಯಿತು. ಎಂತ?"

ಆ ಅಡುಗೆಮನೆಯ ಒಳಗೆ ಕುಶಲಾ ಈವರೆಗೆ ಕಾಲಿಟ್ಟಿರಲಿಲ್ಲ. ಬಾಗಿಲು ತೆರೆದೇ ಇತ್ತು. ಹೊಸ್ತಿಲ ಆಚೆ ತಣ್ಣನೆಯ ಕೆಂಪು ನೆಲ, ಗೂಡಿನಲ್ಲಿ ಸಾಲಾಗಿ ಭರಣಿಗಳು. ಅವಳು ಒಂದು ಗಳಿಗೆ ಅತ್ತ ನೋಡಿದಳು. ಆಮೇಲೆ ಕಲ್ಲಿನ ಕಡೆಗೆ ತಿರುಗಿ ಕೇಳಿದಳು: "ಅಮ್ಮ, ನೀವು ಎಂತ ಹೇಳ್ತೀರಿ?"

ವಾಗ್ದೇವಿ ಅಮ್ಮ ಫೋನಿನಲ್ಲಿದ್ದ ಮಗುವಿನ ಮೇಲಿಂದ ಕಣ್ಣು ತೆಗೆಯಲಿಲ್ಲ. "ಶ್ರೀಪತಿ ಹೇಳಿದ ಹಾಗೆ ಮಾಡು ಕುಶಲಾ. ಒಳ್ಳೆಯ ದಿನ. ಯಾರಿಗೂ ಬೇಸರ ಆಗುವುದು ಬೇಡ."

"ಯಾರಿಗೂ ಅಂದರೆ ಯಾರಿಗೆ ಅಮ್ಮ?"

ಅಮ್ಮ ಫೋನಿನ ಗಾಜನ್ನು ಸೆರಗಿನಿಂದ ಒರೆಸಿದರು. ಜನ ಹತ್ತತೊಡಗಿದ್ದರು. ಮುಂದೆ ಇಬ್ಬರು ಡಾಕ್ಟರುಗಳು ಮನೆಯಿಂದ ತಂದ ತಟ್ಟೆಗಳನ್ನು ತಾಳದಂತೆ ಬಡಿಯುತ್ತಾ, ಹಿಂದೆ ಮಕ್ಕಳು. ಮೇಲಿನ ದಾರಿಯಿಂದ ಕೊಡೆ ಹಿಡಿದ ದೊಡ್ಡಮ್ಮ ಒಂದೊಂದೇ ಮೆಟ್ಟಿಲು ಇಳಿಯುತ್ತಿದ್ದರು.

"ಬೇಗ, ಬೇಗ," ಎಂದರು ರಾಯರು. "ಒಳಗೆ ನಡೆ."

"ಇಲ್ಲ ರಾಯರೇ."

"ಎಂತ ಇಲ್ಲ?"

"ಒಳಗೆ ಹೋಗುವುದಿಲ್ಲ."

"ಹೋಗಬಹುದು ಅಂತ ನಾನೇ ಹೇಳ್ತಿದ್ದೇನಲ್ಲ!"

"ಅದಕ್ಕೇ ಹೋಗುವುದಿಲ್ಲ." ಕುಶಲಾಳ ಸ್ವರ ಏರಲಿಲ್ಲ. "ಉಮೈರಾ, ಆ ಬದಿ ಹಿಡಿ."

ಇಬ್ಬರೂ ಕೋಸಂಬರಿಯ ಅಗಲ ಪಾತ್ರೆಯನ್ನು ಎತ್ತಿ ಅಂಗಳದ ನಡುವಿನ ಬಡಿಸುವ ಮೇಜಿನ ಮೇಲೆ ಇಟ್ಟರು. ರಾಯರು ಓಡಿಬಂದು ಇಳಿದುಬರುವ ದೊಡ್ಡಮ್ಮನಿಗೆ ಕಾಣದ ಹಾಗೆ ಪಾತ್ರೆಗೆ ಅಡ್ಡ ನಿಂತು ಪಂಚೆಯನ್ನು ಎರಡೂ ಕೈಯಲ್ಲಿ ಅಗಲಿಸಿ ಹಿಡಿದರು. "ಹಾಗಾದರೆ ಕೆಳಗಾದರೂ ಇಟ್ಟು ಹಾಕು ಮಾರಾಯ್ತಿ. ನನ್ನ ಹಿಂದೆ ಕೂತುಕೋ. ಕಾಣುವುದು ಬೇಡ."

"ಪಂಚೆ ಬಿಡಿ ರಾಯರೇ, ಮಕ್ಕಳು ಬರ್ತಾ ಇದ್ದಾರೆ," ಎಂದಳು ಉಮೈರಾ.

ತಟ್ಟೆ ಬಡಿಯುತ್ತಿದ್ದ ಡಾಕ್ಟರು ಗಹಗಹಿಸಿದರು. ರಾಯರ ಕೈ ತಾನಾಗಿ ಇಳಿಯಿತು. ಕುಶಲಾ ಮೇಜಿನ ಈಚೆಯಿಂದ ಆಚೆಗೆ, ಎಲ್ಲರಿಗೂ ಎದುರಾಗುವ ಬದಿಗೆ ಬಂದಳು. ಬಳೆಗಳನ್ನು ಮೊಣಕೈಗೆ ಸರಿಸಿದಳು. ಮೇಜಿನ ಮೂಲೆಯ ಉಪ್ಪಿನ ಭರಣಿಗೆ ಕೈ ಹಾಕಿ ಹಿಡಿ ತುಂಬ ಕಲ್ಲುಪ್ಪಿನ ಪುಡಿ ತೆಗೆದಳು.

"ಕುಶಲಾ, ಕೈ ತೆಗಿ," ಎಂದರು ರಾಯರು.

ಅವಳು ಕೈ ತೆಗೆಯಲಿಲ್ಲ. ತಲೆಯ ಎತ್ತರಕ್ಕೆ ಎತ್ತಿ, ಬೆರಳು ಸಡಿಲಿಸಿದಳು. ಬಿಸಿಲಿನಲ್ಲಿ ಉಪ್ಪು ಸಣ್ಣಗೆ, ಸಾವಕಾಶವಾಗಿ ಇಳಿಯಿತು. ಹಸಿರು ಸೌತೆ ಹೊಳೆಯತೊಡಗಿತು.