ಅಮೃತಬಳ್ಳಿಯ ಲೇಖನ

ರಾಜೇಶ್ವರಿಗೆ ದಿನಾ ಮುಂಜಾನೆ ಇಂಗ್ಲೀಷಿನ್ಯಾಗ ಮೇಲ್ ಬರತಿದ್ವು. ಅತ್ಯಂತ ಗೌರವಾನ್ವಿತ ಪ್ರಾಧ್ಯಾಪಕರೇ, ನಿಮ್ಮ ಅಮೂಲ್ಯ ಸಂಶೋಧನೆ ನಮ್ಮ ಅಂತರರಾಷ್ಟ್ರೀಯ ಪತ್ರಿಕೆಗೆ ಬೇಕು ಅಂತ. ಎಲ್ಲಿ ಪ್ರಾಧ್ಯಾಪಕಿ ಹಚ್ಚೀರಿ! ಗೋಕಾಕದ ಒಂದು ಕಾಲೇಜಿನ್ಯಾಗ ಸಸ್ಯಶಾಸ್ತ್ರ ಕಲಸೋ ಅತಿಥಿ ಉಪನ್ಯಾಸಕಿ, ಸೂಟಿ ಬಂತಂದ್ರ ಪಗಾರನೂ ಇಲ್ಲ. ಕಾಲೇಜಿನ್ಯಾಗ ಕುಂದ್ರಾಕ ಒಂದು ಖುರ್ಚಿ ಕೊಡದಿದ್ದಾಕಿಗೆ ಯಾರೋ ಗೌರವಾನ್ವಿತ ಅಂದ್ರ ಕರಗದ ಏನ್ ಮಾಡ್ತಾಳ್ರಿ.

ಕಾಯಂ ನೌಕರಿ ಅರ್ಜಿಗೆ ಅಚ್ಚಾದ ಲೇಖನ ಬೇಕಾಗಿತ್ತು. ಅಮೃತಬಳ್ಳಿ ರಸಾನ ಗಾಜಿನ ನಳಿಗ್ಯಾಗ ಹಾಕಿ ನೋಡಿದ್ಲು, ಅಷ್ಟ. ಮನಷ್ಯಾರ ಮಾತು ಬಿಡ್ರಿ, ಇಲಿ ಮ್ಯಾಲೂ ನೋಡಿರಲಿಲ್ಲ. ಆದ್ರೂ ಕೊನಿಗೆ, ಸಕ್ಕರೆ ಕಾಯಿಲೆಯವರು ಇನ್ಸುಲಿನ್ ಬದಲು ಇದನ್ನ ಬಳಸಬಹುದು ಅಂತ ಒಂದು ಸಾಲು ಬಿಗದ್ಲು. ತಪ್ಪಿದ್ರ ಪತ್ರಿಕೆಯ ಪರಿಣತರು ಹೊಡದ ಹಾಕ್ತಾರ ಬಿಡು ಅಂದ್ಕೊಂಡು, ಮೇಲ್ ಹಾಕಿದ್ದ ಒಂದು ಪತ್ರಿಕೆಗೆ ಕಳಿಸಿದ್ಲು. ಅವರು ಅಚ್ಚು ಹಾಕಾಕ ಕೇಳಿದ ರೊಕ್ಕ ಮುಟ್ಟಿದ ಮರುದಿನಾನ ಲೇಖನ ಅಚ್ಚಾತು, ಒಂದಕ್ಷರ ತಿದ್ದಿರಲಿಲ್ಲ. ಓದಿದ್ರಲ್ಲೇನು ತಿದ್ದಾಕ, ಹಾಳಾದವರು.

ನಾಗನೂರಾಗ ಅಕಿ ಅಪ್ಪ ಭೀಮಶಿ ಹಿಗ್ಗಿ ಹೀರೇಕಾಯಿ ಆದ. ಮಗಳನ್ನ ಬಾಜೂಕ ಕುಂದರಿಸ್ಕೊಂಡು ಎಲ್ಲಾ ಕನ್ನಡದಾಗ ಹೇಳಿಸಿದ. ಕೊನಿ ಸಾಲು ಬಂದಾಗ "ಖರೇನ?" ಅಂತ ಕೇಳಿದ. "ಹೌದಪ್ಪಾ" ಅಂದ್ಲು. ಅಪ್ಪನೂ ದಿನಾ ಇನ್ಸುಲಿನ್ ಚುಚ್ಚಿಗೊಳ್ಳಾಂವ ಅನ್ನೂದು ಆ ಹಿಗ್ಗಿನ್ಯಾಗ ಅಕೀ ತಲ್ಯಾಗ ಬರಲಿಲ್ಲ. ಭೀಮಶಿ ಯಾರಿಗೂ ಹೇಳದ ಸೂಜಿ ಬಿಟ್ಟ. ಬೇಲಿ ಮ್ಯಾಲಿನ ಅಮೃತಬಳ್ಳಿ ಕುಟ್ಟಿ ಕುಡಿಯಾಕ ಹತ್ತಿದ.

ಹೊಲದಾಗ ಕಡದುಳಿದ ಕಬ್ಬಿನ ಕೂಳಿ ನಟ್ಟು ಕಾಲಿಗೆ ಗಾಯಾತು. ಮಾಯಲಿಲ್ಲ, ಕರ್ರಗಾತು. ದವಾಖಾನಿಗೆ ಒಯ್ಯೂದ್ರಾಗ ಹೊತ್ತು ಮೀರಿತ್ತು, ಮೊಣಕಾಲ ತನಕ ತಗದ್ರು.

ಇನ್ಸುಲಿನ್ ಯಾಕ ಬಿಟ್ಟೀರಿ ಅಂತ ಡಾಕ್ಟರು ಕೇಳಿದಾಗ ಭೀಮಶಿ ಅಮೃತಬಳ್ಳಿ ಸುದ್ದಿ ಹೇಳಿದ. ಬಾಜೂಕ ನಿಂತಿದ್ದ ರಾಜೇಶ್ವರಿಗೆ ತಾ ಬರದ ಕೊನಿ ಸಾಲು ನೆನಪಾತು.

"ನಂದ ತಪ್ಪರಿ ಸಾಹೇಬ್ರ" ಅಂದ ಭೀಮಶಿ. "ರಸಾ ಸಾಕಷ್ಟು ಕುಡಿಲಿಲ್ಲ ಕಾಣ್ತೈತಿ. ನನ್ನ ಮಗಳು ಬರದದ್ದು ತಪ್ಪಾಗೂದಿಲ್ಲ."

ಡಾಕ್ಟರು ತಲಿ ಅಲ್ಲಾಡಿಸಿ ಮುಂದ ಹೋದ್ರು. ಆಗ ಬಾಜೂ ಕಾಟಿನ ಮ್ಯಾಲಿದ್ದ ಹತ್ತರಗಿಯ ಸತ್ಯಪ್ಪ, ಅಂವನೂ ಸಕ್ಕರಿ ಬ್ಯಾನಿಯಾಂವನ, ಎದ್ದು ಕುಂತ. "ಅಕ್ಕಾರ, ಹಂಗಾರ ದಿನಾ ಎಷ್ಟು ಕುಡಿಬೇಕ್ರಿ? ನಿಮ್ಮಪ್ಪಾರು ಎಲ್ಲಾ ಹೇಳ್ಯಾರ. ನಾನೂ ಸೂಜಿ ಬಿಡಬೇಕಂತ ಮಾಡೇನಿ."

ಸುಮ್ನಿದ್ರ ಅಪ್ಪನ ಮುಂದ ಮಾನ ಉಳೀತಿತ್ತು. ಆದ್ರ ಸತ್ಯಪ್ಪ ಅಕೀ ಮಾರೀನ ನೋಡಕೋತ ಕುಂತಿದ್ದ.

"ಕುಡೀಬ್ಯಾಡ್ರಿ ಕಾಕಾ, ಸೂಜಿ ಬಿಡಬ್ಯಾಡ್ರಿ. ಅದು ಸುಳ್ಳು. ನಾನ ಬರದೇನಿ ಸುಳ್ಳು. ರೊಕ್ಕ ಇಸ್ಕೊಂಡು ಓದದ ಅಚ್ಚ ಹಾಕ್ಯಾರ."

ಭೀಮಶಿ ಮಗಳ ಕಡೆ ಹೊಳ್ಳಿದ. "ಅಷ್ಟು ದೊಡ್ಡ ಮಂದಿ, ಯಾರೂ ಓದಿಲ್ಲೇನ ಯವ್ವಾ?"

"ಇಲ್ಲಪ್ಪಾ. ನೀ ಒಬ್ಬಾಂವ ಓದಿಸ್ಕೊಂಡಿ, ಅಷ್ಟ."

ಕಾಲು ತಗದಾಗ ಒಂದು ಹನಿ ಕಣ್ಣೀರು ಹಾಕಿರದ ಭೀಮಶಿ ಗ್ವಾಡಿ ಕಡೆ ಮಾರಿ ತಿರುವಿ ಅಳಾಕ ಹತ್ತಿದ.